ಮೂಳೆಯ ಬೂದಿಯ ಬಿಳುಪು
ಪಿಂಗಾಣಿಯಲ್ಲಿ ಚೀನಾವನ್ನು ಸರಿಗಟ್ಟಲು ಯುರೋಪಿನ ದೊರೆಗಳು ಬೊಕ್ಕಸ ಬರಿದು ಮಾಡಿಕೊಂಡರೆ, ಇಂಗ್ಲಿಷರು ಕಸಾಯಿಖಾನೆಯ ಕಡೆ ನೋಡಿದರು. ಲಂಡನ್ನಿನ ಪೂರ್ವಕ್ಕಿದ್ದ ಬೋ ಕಾರ್ಖಾನೆಯ ಥಾಮಸ್ ಫ್ರೈ 18ನೇ ಶತಮಾನದ ನಡುವಿನಲ್ಲೇ ಜೇಡಿಮಣ್ಣಿಗೆ ಮೂಳೆಯ ಬೂದಿ ಬೆರೆಸಿದ್ದ. ಹೆಸರು ಬಂದದ್ದು ಮಾತ್ರ ಸ್ಟೋಕ್ ಊರಿನ ಜೊಸಾಯಾ ಸ್ಪೋಡ್‌ಗೆ. 1790ರ ದಶಕದ ಹೊತ್ತಿಗೆ ಆತ ಹದ ಕಂಡುಕೊಂಡಿದ್ದ: ಅರ್ಧ ಪಾಲು ದನದ ಮೂಳೆಯ ಬೂದಿ, ಉಳಿದರ್ಧದಲ್ಲಿ ಕಾರ್ನ್‌ವಾಲಿನ ಬಿಳಿಜೇಡಿ ಮತ್ತು ಅಲ್ಲಿಯದೇ ಕಲ್ಲಿನ ಪುಡಿ ಹೆಚ್ಚುಕಡಿಮೆ ಸಮಸಮ. ಮೂಳೆಯ ಅಂಟು ತೆಗೆದು, ಸುಟ್ಟು, ನುಣ್ಣಗೆ ಅರೆಯಬೇಕು. ಕಬ್ಬಿಣದ ಅಂಶ ಸೇರಿತೋ, ಬಿಳುಪು ಕೆಟ್ಟಿತು. ಕಾಲವೂ ಕೂಡಿಬಂತು: ಈಸ್ಟ್ ಇಂಡಿಯಾ ಕಂಪನಿ 1791ರಲ್ಲಿ ಚೀನಾದ ಪಿಂಗಾಣಿಯನ್ನು ಸಗಟಾಗಿ ತರುವುದನ್ನು ನಿಲ್ಲಿಸಿತು. 1797ರಲ್ಲಿ ಸ್ಪೋಡ್ ತೀರಿಕೊಂಡ ಮೇಲೆ ಅದೇ ಹೆಸರಿನ ಮಗ ಮಾರುಕಟ್ಟೆ ಹಿಡಿದ. ಇನ್ನೊಬ್ಬ ಪಿಂಗಾಣಿ ತಯಾರಕ ಥಾಮಸ್ ಮಿಂಟನ್ ಬೆನ್ನಿಗೇ ಬಂದ. ಪಿಂಗಾಣಿ ಕಸುಬಿನ ವೆಜ್‌ವುಡ್ ಮನೆತನ ಮೂಳೆಬೂದಿಯ ಪಿಂಗಾಣಿಯನ್ನು 1812ರಲ್ಲಿ ಶುರುಮಾಡಿ, ಹತ್ತು ವರ್ಷಕ್ಕೆ ಕೈಬಿಟ್ಟು, 1878ರಲ್ಲಿ ಮತ್ತೆ ಕೈಹಾಕಿತು. ಇಂಥ ಹಳೆಯ ಕಪ್ಪು ಸಿಕ್ಕರೆ ಬೆಳಕಿಗೆ ಹಿಡಿಯಿರಿ. ಹಿಂದಿಟ್ಟ ಬೆರಳುಗಳ ನೆರಳು ಕಾಣಬೇಕು. ಆಮೇಲೆ ತಳ ನೋಡಿ. ವಜ್ರಾಕಾರದ ನೋಂದಣಿ ಮುದ್ರೆಯಿದ್ದರೆ ಆ ವಿನ್ಯಾಸ ನೋಂದಾಯಿಸಿದ್ದು 1842 ಮತ್ತು 1883ರ ನಡುವೆ. ‘ಇಂಗ್ಲೆಂಡ್’ ಎಂದಿದ್ದರೆ ಬಹುಮಟ್ಟಿಗೆ 1891ರ ಈಚಿನದು. ಅಮೆರಿಕದ ಸುಂಕದ ಕಾಯ್ದೆ ದೇಶದ ಹೆಸರು ಕೇಳತೊಡಗಿದ್ದು ಆಗಲೇ. ಮುದ್ರೆಯೇ ಇಲ್ಲವೆಂದು ಮೂಗು ಮುರಿಯಬೇಡಿ: ಆರಂಭಕಾಲದ ಎಷ್ಟೋ ಒಳ್ಳೆಯ ಕಪ್ಪು-ಬಸಿಗಳ ತಳದಲ್ಲಿ ಕೈಬರಹದ ವಿನ್ಯಾಸ ಸಂಖ್ಯೆಯ ಹೊರತು ಇನ್ನೇನೂ ಇರುವುದಿಲ್ಲ. ದೊಡ್ಡ ಹೆಸರಿಗಷ್ಟೇ ದುಡ್ಡು ಸುರಿಯುವವರು ಅವನ್ನು ಬಿಟ್ಟುಹೋಗುತ್ತಾರೆ; ಕಣ್ಣಿದ್ದವರಿಗೆ ಅದೇ ಲಾಭ.