ಹೆಡ್‌ಲೈಟಿನ ಹುಳಕ್ಕೆ ಪೆಟ್ರೋಲ್ ಬ್ಯಾಡ್ರಿ

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಕುರ್ತಕೋಟಿಯಲ್ಲಿ ಯಾರದೇ ಪಿಕಪ್ ನೋಡ್ರಿ, ಮುಂಭಾಗದ ತುಂಬಾ ಹುಳ. ರಾತ್ರಿ ಹುಲಕೋಟಿ ಕಡೆಯಿಂದ ಬರುವಾಗ ಬೆಳಕಿಗೆ ಮುತ್ತುವ ಮಳೆಹುಳ ಹೆಡ್‌ಲೈಟಿಗೆ ಬಡಿದು ಅಲ್ಲೇ ಒಣಗಿರುತ್ತವೆ. ಮುಂಜಾನೆ ನಾವು ಮಾಡೋದೇನು? ಸೀಟಿನ ಕೆಳಗಿನ ಹಳೇ ಬಟ್ಟೆ ತೆಗೆದು, ಸ್ವಲ್ಪ ಪೆಟ್ರೋಲ್ ಹಾಕಿ ಗಸಗಸ ತಿಕ್ಕೋದು. ಹುಳ ಹೋಗುತ್ತದೆ, ಖರೆ. ಆದರೆ ಗಾಡಿಯ ಬೆಳಕೂ ದಿನದಿಂದ ದಿನಕ್ಕೆ ಹೋಗುತ್ತದೆ.

ಈಗಿನ ಗಾಡಿಗಳ ಹೆಡ್‌ಲೈಟಿನ ಹೊರಮೈ ಬಹುತೇಕ ಗಾಜಿನದಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಕಲ್ಲು ಸಿಡಿದರೂ ಸುಲಭಕ್ಕೆ ಒಡೆಯದು, ಗೀರು ಮಾತ್ರ ಬೇಗ ಬೀಳುತ್ತದೆ. ಅದಕ್ಕೇ ಮೇಲೊಂದು ತೆಳ್ಳನೆಯ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಬಿಸಿಲಿನಿಂದ ಪ್ಲಾಸ್ಟಿಕ್ ಹಳದಿಯಾಗದಂತೆ ಕಾಯೋದೂ ಅದೇ ಲೇಪ. ಪೆಟ್ರೋಲ್, ಥಿನ್ನರ್ ತಾಗಿದರೆ ಕೂದಲೆಳೆಯಂಥ ಬಿರುಕು ಏಳಬಹುದು. ಒಣ ಬಟ್ಟೆಯಿಂದ ತಿಕ್ಕಿದರೆ ರಸ್ತೆಯ ಉಸುಕೇ ಪಾಲಿಶ್ ಪೇಪರಿನ ಕೆಲಸ ಮಾಡುತ್ತದೆ.

ನಾನೂ ಮೂರು ವರ್ಷ ಹಿಂಗ ತಿಕ್ಕಿದವನೇ. ಒಂದು ರಾತ್ರಿ ಎದುರಿನ ಬಸ್ಸು ದಾಟಿ ಹೋದ ಮೇಲೆ, ಹಿಂದೆ ದೀಪವೂ ಇಲ್ಲದ, ರಿಫ್ಲೆಕ್ಟರೂ ಇಲ್ಲದ ಟ್ರೇಲರ್ ಇಪ್ಪತ್ತು ಹೆಜ್ಜೆಯಲ್ಲಿ ಕಂಡಿತು. ಬ್ರೇಕ್ ಹಿಡೀತು, ಉಳಿದೆ. ತಪ್ಪು ಟ್ರೇಲರ್‌ದವನದೂ ಹೌದು. ಆದರೆ ಮಂಜಾದ ನನ್ನ ಲೈಟು ಬೆಳಕನ್ನು ರಸ್ತೆಗೆ ಬಿಡದೆ ಅತ್ತಿತ್ತ ಚೆದುರಿಸುತ್ತಿತ್ತು. ಅಂಥ ಬೆಳಕು ಎದುರು ಬರುವವನ ಕಣ್ಣಿಗೂ ಕುಕ್ಕುತ್ತದೆ.

ಈಗ ನಾನು ಮಾಡೋದು ಇಷ್ಟು. ಲೈಟ್ ಆರಿಸಿ, ಬಿಸಿ ಆರಲು ಬಿಡ್ತೀನಿ. ಮೊದಲು ನೀರು ಸುರಿದು ಧೂಳು ಇಳಿಸಬೇಕು. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿದ ಹತ್ತಿ ಟವೆಲ್ಲನ್ನು ಲೈಟಿನ ಮೇಲೆ ಹತ್ತು ನಿಮಿಷ ಹಾಸಿಡಬೇಕು. ಒಣಗಿದ ಹುಳ ನೆನೆದು ಮೆತ್ತಗಾಗುತ್ತದೆ. ಆ ಹೊತ್ತಿಗೆ ಚಾ ಕುಡೀರಿ. ನಂತರ ಒಂದು ಮಗ್ ನೀರಿಗೆ ನಾಲ್ಕು ಹನಿ ಕಾರ್ ಶಾಂಪೂ ಹಾಕಿ, ಮೆತ್ತನೆ ಮೈಕ್ರೋಫೈಬರ್ ಬಟ್ಟೆಯಿಂದ ಹಗುರಾಗಿ ಒರೆಸಿ ತೊಳೀರಿ. ಬಿಡದ ಕಲೆಗೆ ಉಗುರು ಹಾಕಬೇಡಿ, ಇನ್ನೊಮ್ಮೆ ನೆನೆಸ್ರಿ. ಬಟ್ಟೆ ಒಗೆಯುವ ಪುಡಿ, ಪಾತ್ರೆಯ ಸ್ಕ್ರಬ್ಬರ್ ಎರಡೂ ಬ್ಯಾಡ. ನಮ್ಮ ಬೋರ್‌ವೆಲ್‌ನ ಸವಳು ನೀರು ಹಾಗೇ ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಕೊನೆಗೆ ಒಣ ಮೆತ್ತನೆ ಬಟ್ಟೆಯಿಂದ ನೀರು ಒತ್ತಿ ತೆಗೀರಿ.

ಹಂಗಂತ ಹುಳ ವಾರಗಟ್ಟಲೆ ಬಿಡೋದೂ ಸರಿಯಲ್ಲ. ಬಿಸಿಲಿಗೆ ಬೇಯ್ದಷ್ಟೂ ಗಟ್ಟಿ ಹಿಡಿಯುತ್ತದೆ, ಲೇಪಕ್ಕೂ ಕಲೆ ಬೀಳಬಹುದು.

ಮೊಬೈಲಿನಲ್ಲಿ ಟೂತ್‌ಪೇಸ್ಟ್ ಹಚ್ಚಿ ಲೈಟ್ ಹೊಸದು ಮಾಡುವ ವಿಡಿಯೊ ನೀವೂ ನೋಡಿರ್ತೀರಿ. ಅಂದಿಗೆ ಹೊಳೆಯೋದು ನಿಜ. ಪೇಸ್ಟು ತಿಕ್ಕಿ ತಿಕ್ಕಿ ಅಳಿದುಳಿದ ಲೇಪವನ್ನೂ ಸವೆಸುತ್ತದೆ, ಕೆಲವೇ ತಿಂಗಳಲ್ಲಿ ಮತ್ತೆ ಮಬ್ಬು. ವಿಡಿಯೊದವರು ಆರು ತಿಂಗಳ ನಂತರದ ಲೈಟ್ ತೋರಿಸೋದಿಲ್ಲ.

"ಸುಗ್ಗಿಯಾಗ ಇದಕ್ಕೆಲ್ಲಾ ಟೈಮ್ ಎಲ್ಲೈತಿ?" ಅಂತ ಗೆಳೆಯ ಕೇಳಿದ. ಔಷಧ ಹೊಡೆಯುವ ಪಂಪಿನ ನಾಝಲ್ ಕಟ್ಟಿದರೆ ಹೊಲದಾಗೇ ಕೂತು ಬಿಚ್ಚಿ ತೊಳೆಯುವವರು ನಾವು. ಈರುಳ್ಳಿ ಹೇರಿಕೊಂಡು ನಸುಕಿನಲ್ಲೇ ಗದಗ ಎಪಿಎಂಸಿಗೆ ಹೊರಡುವವರಿಗೆ ದಾರಿ ಕಾಣಬೇಕಲ್ಲ! ನನ್ನ ಗಾಡಿಯಲ್ಲಿ ಈಗ ಒಂದು ಕ್ಯಾನ್ ನೀರು, ಎರಡು ಬಟ್ಟೆ ಯಾವಾಗಲೂ ಇರುತ್ತವೆ. ಅವನ್ನು ಔಷಧ ಹೊಡೆಯುವಾಗ ಬಳಸಿದ ಬಟ್ಟೆಯ ಜೊತೆ ಸೇರಿಸೋದಿಲ್ಲ.