ಫೋನ್ ನಂಬರ್ ನಂಬರ್ ಅಲ್ಲ!

ಮೊನ್ನೆ ಚಿಕ್ಕಪ್ಪನ ಮೊಮ್ಮಗಳು ಫೋನ್ ಮಾಡಿದ್ದಳು. "ಮಾವಾ, ಕಾಲೇಜಲ್ಲಿ ಪ್ರಾಜೆಕ್ಟ್ ಕೊಟ್ಟಿದಾರೆ. ಡೇಟಾಬೇಸಲ್ಲಿ ಫೋನ್ ನಂಬರಿಗೆ ಯಾವ ಟೈಪ್ ಕೊಡ್ಲಿ?" ಅಂದಳು. ನನ್ನ ಎದೆ ಧಸಕ್ಕೆಂದಿತು. ಯಾಕಂದ್ರೆ 2009ರಲ್ಲಿ ಅವಳ ಅಜ್ಜ ನನ್ನ ಹತ್ರ ಕೇಳಿದ್ದೂ ಇದೇ ಪ್ರಶ್ನೆ. ನಾನು ಆವತ್ತು ಕೊಟ್ಟ ಉತ್ತರ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತೆ.

ಚಿಕ್ಕಪ್ಪ ಶಿರಸಿ ಕಡೆಯ ಹಳ್ಳಿಯಲ್ಲಿ ಮೇಷ್ಟ್ರಾಗಿ ರಿಟೈರ್ ಆದವನು. ಊರ ವಾಚನಾಲಯದ ಸದಸ್ಯರ ಪಟ್ಟಿಯನ್ನ ಕಂಪ್ಯೂಟರಿಗೆ ಹಾಕ್ತೀನಿ ಅಂತ ಆ ವಯಸ್ಸಲ್ಲಿ ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಕಲಿಯೋಕೆ ಕೂತಿದ್ದ. ಫೋನ್ ನಂಬರಿಗೆ ಯಾವ ಟೈಪು ಅಂತ ಕೇಳಿದಾಗ ನಾನು ಆಫೀಸಿನ ಗಡಿಬಿಡಿಯಲ್ಲಿದ್ದೆ. "ನಂಬರ್ ತಾನೇ, ಇಂಟ್ ಹಾಕು" ಅಂದುಬಿಟ್ಟೆ.

ಇನ್ನೂರ ಚಿಲ್ಲರೆ ಸದಸ್ಯರು. ಅವರು ಬರೆದುಕೊಟ್ಟ ಚೀಟಿಗಳನ್ನ ಒಂದೊಂದಾಗಿ ಟೈಪ್ ಮಾಡಿ, ಮುಗಿದದ್ದನ್ನ ಬಚ್ಚಲ ಒಲೆಗೆ ಹಾಕಿದ. ಎರಡು ವಾರ ಬಿಟ್ಟು ಫೋನ್ ಬಂತು. "ಎಂತದೋ ತಮಾ ಇದು, ಇಡೀ ಊರಿಗೆ ಒಂದೇ ನಂಬರು!"

ಹೌದು. ಎಲ್ಲರ ಹೆಸರಿನ ಮುಂದೂ 2147483647. ಇಂಟ್ ಅನ್ನೋ ಡಬ್ಬಿಯಲ್ಲಿ ಹಿಡಿಸೋ ಅತಿ ದೊಡ್ಡ ಸಂಖ್ಯೆ ಅದು. ಅದಕ್ಕಿಂತ ದೊಡ್ಡದನ್ನ ತುರುಕಿದರೆ ಆಗಿನ ಮೈಎಸ್‌ಕ್ಯೂಎಲ್ ಕೆಲಸ ನಿಲ್ಲಿಸದೆ ಇದನ್ನೇ ಬರ್ಕೊಂಡು ಸುಮ್ಮನಾಗ್ತಿತ್ತು. (2015ರಲ್ಲಿ ಬಂದ 5.7 ಆವೃತ್ತಿಯಿಂದೀಚೆಗೆ, ಸೆಟ್ಟಿಂಗ್ ಬದಲಾಯಿಸದಿದ್ದರೆ, ತಪ್ಪು ಅಂತ ಹೇಳಿ ನಿಲ್ಲಿಸುತ್ತೆ.) ನಾನು ಬುದ್ಧಿವಂತನ ಹಾಗೆ "ಬಿಗ್‌ಇಂಟ್ ಮಾಡು" ಅಂದೆ. ಆಗ 08384ರ ಮುಂದಿನ ಸೊನ್ನೆ ಹಾರಿಹೋಯ್ತು!

ಫೋನ್ ನಂಬರನ್ನ ಯಾರಾದ್ರೂ ಕೂಡ್ತಾರಾ, ಕಳೀತಾರಾ? ಇಲ್ಲ ತಾನೇ? ಹಾಗಾದ್ರೆ ಅದು ಅಂಕಿಗಳಲ್ಲಿ ಬರೆದ ಹೆಸರು ಅಷ್ಟೆ. ಅಕ್ಷರಗಳ ಹಾಗೆ ವಾರ್‌ಚಾರ್‌ನಲ್ಲಿ ಇಡಬೇಕು. ಪಿನ್‌ಕೋಡೂ ಹಾಗೇ.

ಹೆಸರಿನ ಕಥೆ ಇನ್ನೊಂದು. "ಊರಲ್ಲಿ ಯಾರ ಹೆಸರೂ ಹದಿನೈದು ಅಕ್ಷರ ದಾಟೂದಿಲ್ಲ" ಅಂತ ಬೆರಳಲ್ಲಿ ಎಣಿಸಿ 15 ಅಂತ ಕೊಟ್ಟಿದ್ದ. "ಕೃಷ್ಣಮೂರ್ತಿ ಹೆಗಡೆ" ಹೋಗಿ "ಕೃಷ್ಣಮೂರ್ತಿ ಹೆಗ" ಆದರು. ನಮ್ಮ ಕಣ್ಣಿಗೆ "ಕೃಷ್ಣಮೂರ್ತಿ" ನಾಲ್ಕೇ ಅಕ್ಷರ. ಯುನಿಕೋಡಿನಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತದ ಗುರುತು ಎಲ್ಲ ಬೇರೆ ಬೇರೆ ಎಣಿಕೆ, ಹಾಗಾಗಿ 11. ಕನ್ನಡದಲ್ಲಿ ಬ್ಲಾಗ್ ಬರೆಯೋ ನಾವಾದರೂ ಇದನ್ನ ಮೊದಲೇ ಹೇಳಬೇಕಿತ್ತು. ಇಂಗ್ಲಿಷ್ ಪಾಠದಲ್ಲಿ ಇದು ಸಿಗಲ್ಲ.

ಪುಟದ ವಿನ್ಯಾಸದಲ್ಲೂ ನನ್ನದೇ ಉಪಕಾರ. ಚಿಕ್ಕಪ್ಪ ಪಟ್ಟಿಯನ್ನ ಚೆಂದಾಗಿ ಟೇಬಲ್‌ನಲ್ಲಿ ಹಾಕಿದ್ದ. "ಟೇಬಲ್ ಹಳೇ ಕಾಲದ್ದು, ಡಿವ್ ಬಳಸು" ಅಂದೆ. ಆಗ ಎಲ್ಲರೂ ಹಾಗೇ ಹೇಳ್ತಿದ್ವಿ. ಇಡೀ ಪುಟವನ್ನ ಟೇಬಲ್‌ನಲ್ಲಿ ಕಟ್ಟಬೇಡಿ ಅನ್ನೋದು ಅದರ ಅರ್ಥ, ಸದಸ್ಯರ ಪಟ್ಟಿಯನ್ನೂ ಬಿಡಿ ಅಂತಲ್ಲ. ಸಾಲು ಕಂಬಗಳಿರೋ ಮಾಹಿತಿಗೆ ಇರೋದೇ ಟೇಬಲ್! ಡಿವ್ ಮಾಡಿದ ಮೇಲೆ ಹೆಸರೊಂದು ಕಡೆ, ಪುಸ್ತಕವೊಂದು ಕಡೆ. ಮೇಲಿಂದ, ನಾನು ಕಳಿಸಿದ ಇಂಗ್ಲಿಷ್ ಮಾದರಿಯಲ್ಲಿ ಸಾಲಿನ ಎತ್ತರ ಇಷ್ಟೇ ಪಿಕ್ಸೆಲ್ ಅಂತ ಕಟ್ಟುಹಾಕಿತ್ತು. ಕನ್ನಡದ ಒತ್ತಕ್ಷರಗಳ ಕಾಲೆಲ್ಲ ಕತ್ತರಿಸಿ ಹೋಯ್ತು. ಎತ್ತರ ಕಟ್ಟದೆ, ಲೈನ್-ಹೈಟ್ 1.6 ಅಂತ ಕೊಟ್ಟ ಮೇಲೆ ಸರಿಯಾಯ್ತು.

ಕೊನೆಗೆ ಚಿಕ್ಕಪ್ಪ ಮಳೆಯಲ್ಲಿ ಕೊಡೆ ಹಿಡ್ಕೊಂಡು ಮನೆಮನೆಗೆ ಹೋಗಿ ನಂಬರುಗಳನ್ನ ಮತ್ತೆ ಬರ್ಕೊಂಡು ಬಂದ. ಬೈತಾನೆ ಅಂದ್ಕೊಂಡಿದ್ದೆ. "ನೀ ಹೇಳಿದ್ದು ತಪ್ಪಲ್ದೋ ತಮಾ, ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಎಂತಕ್ಕೆ ಕೇಳ್ತೆ ಹೇಳಿ ನೀ ಕೇಳಿದ್ದಿಲ್ಲೆ, ಅಷ್ಟೆ" ಅಂದ. ಬೈದಿದ್ದರೇ ಚೆನ್ನಾಗಿತ್ತು.

ನನಗನ್ನಿಸೋದು ಇಷ್ಟೇ. ಹೊಸಬರಿಗೆ ಬೇಕಾಗಿರೋದು ಒಂದು ಸಾಲಿನ ಕೋಡಲ್ಲ. ಅವರ ಪ್ರಶ್ನೆಯ ಹಿಂದಿನ ಕೆಲಸ ಏನು ಅಂತ ವಿಚಾರಿಸೋ ಎರಡು ನಿಮಿಷ. ಈಗಂತೂ ಕೇಳಿದ ಕೂಡಲೇ ಇಡೀ ಕೋಡನ್ನೇ ಬರೆದುಕೊಡೋ ತಂತ್ರಾಂಶಗಳಿವೆ. ಉತ್ತರಕ್ಕೆ ಬರ ಇಲ್ಲ, ಮರುಪ್ರಶ್ನೆಗೇ ಬರ. ಆಮೇಲೆ ಒಂದೇ ಒಂದು ಸೂತ್ರ ಹೇಳಿಕೊಟ್ಟರೂ ಸಾಕು: ಇಡೋದು ಬೇರೆ, ತೋರಿಸೋದು ಬೇರೆ. ದಿನಾಂಕವನ್ನ 05/03/2009 ಅಂತ ಅಕ್ಷರದಲ್ಲಿ ಇಟ್ಟರೆ ವಿಂಗಡಿಸುವಾಗ ವರ್ಷ ಬಿಟ್ಟು ತಾರೀಖು ಮುಂದೆ ಬರುತ್ತೆ, ಪುಸ್ತಕ ವಾಪಸ್ ಕೊಡದವರ ಪಟ್ಟಿ ಕಲಸುಮೇಲೋಗರ. ಡೇಟ್ ಟೈಪಿನಲ್ಲಿ ಇಡಿ, ಪುಟಕ್ಕೆ ತರುವಾಗ ಬೇಕಾದ ಹಾಗೆ ಸಿಂಗರಿಸಿ. ಅಕ್ಕಿ ಡಬ್ಬಿಯಲ್ಲಿ ಅಕ್ಕಿಯೇ ಇರಲಿ, ಚಿತ್ರಾನ್ನ ಎಲೆಗೆ ಬಡಿಸೋ ಹೊತ್ತಿಗೆ ಮಾಡಿದರಾಯ್ತು.

ಹಾಂ, ಮೊಮ್ಮಗಳಿಗೆ ಏನು ಹೇಳಿದೆ ಅಂತೀರಾ? "ನಂಬರ್ ಇಟ್ಕೊಂಡು ಏನ್ಮಾಡ್ತೀಯಾ ಪುಟ್ಟಿ?" ಅಂತ ಕೇಳಿದೆ. "ಫೋನ್ ಮಾಡೋಕೆ ಮಾವಾ, ಇನ್ನೇನು!" ಅಂತ ನಕ್ಕಳು. ಆಮೇಲೆ ಅರ್ಧ ಗಂಟೆ ಮಾತಾಡಿದ್ವಿ.

ನೀವೂ ಯಾರಿಗಾದ್ರೂ ಇಂಥ ಉಪಕಾರ ಮಾಡಿದ್ದರೆ ಹೇಳಿ, ನನಗೂ ಸ್ವಲ್ಪ ಸಮಾಧಾನ ಆಗುತ್ತೆ :)