ಹಾಡಿನ ಆಯ್ಕೆಗೆ ಹತ್ತಕ್ಕೆ ನಾಲ್ಕು

ಆ ನಾಲ್ಕು ಅಂಕ ಕೊಟ್ಟವನು ನಾನೇ. ಇದನ್ನ ಮೊದಲೇ ಹೇಳಿಬಿಡ್ತೀನಿ. ಆಮೇಲೆ ಯಾರಾದ್ರೂ ಬಂದು "ಜಡ್ಜ್ ಸೀಟಲ್ಲಿ ನೀನೂ ಕೂತಿದ್ಯಲ್ಲೋ, ಈಗೇನು ದೊಡ್ಡ ಮಾತು" ಅನ್ನೋದು ಬೇಡ. ಕೂತಿದ್ದೆ. ಅದಕ್ಕೇ ಇಷ್ಟು ಉರೀತಿರೋದು.

ವಿಷಯ ಇಷ್ಟು. ನಮ್ಮ ಇಂಜಿನಿಯರಿಂಗ್ ಬ್ಯಾಚಿನವರದ್ದೊಂದು ಹಾಡಿನ ಸ್ಪರ್ಧೆ ಇದೆ. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಾಗ ಶುರುವಾಗಿದ್ದು, ಆಮೇಲೆ ನಿಲ್ಲಿಸೋಕೆ ಯಾರಿಗೂ ಮನಸ್ಸು ಬರಲಿಲ್ಲ. ಬೆಂಗಳೂರು, ಪುಣೆ, ಡಲ್ಲಾಸ್, ಮ್ಯೂನಿಕ್ ಅಂತ ಚದುರಿ ಹೋಗಿರೋ ನಾವು ವರ್ಷಕ್ಕೊಮ್ಮೆ ಒಬ್ಬರ ದನಿ ಒಬ್ಬರು ಕೇಳ್ತೀವಿ. ಮನೆಯವರೂ ಭಾಗವಹಿಸಬಹುದು. ಮೊದಲ ಸುತ್ತಿಗೆ ಹಾಡು ರೆಕಾರ್ಡ್ ಮಾಡಿ ಕಳಿಸೋದು, ಎರಡನೇ ಸುತ್ತು ವಿಡಿಯೋ ಕಾಲ್‌ನಲ್ಲಿ ಲೈವ್. ಬಹುಮಾನ ಏನು ಗೊತ್ತಾ? ಗೆದ್ದವರು ಕೇಳಿದ ಸಿಹಿಯನ್ನ ಸೋತವರೆಲ್ಲ ದುಡ್ಡು ಹಾಕಿ ಮನೆಗೆ ಕಳಿಸೋದು. ಅಷ್ಟೇ. ಇಂಥ ಸ್ಪರ್ಧೆಗೂ ನಾವೊಂದು ಎಕ್ಸೆಲ್ ಶೀಟು ಮಾಡಿಟ್ಟಿದ್ದೀವಿ. ಇಂಜಿನಿಯರುಗಳಲ್ವಾ, ಶೀಟಿಲ್ಲದಿದ್ರೆ ಊಟ ಸೇರಲ್ಲ :-)

ಶೀಟಿನಲ್ಲಿ ಐದು ಕಾಲಂ: ಶ್ರುತಿ, ತಾಳ, ಉಚ್ಚಾರಣೆ, ಭಾವ, ಹಾಡಿನ ಆಯ್ಕೆ. ಒಂದೊಂದಕ್ಕೂ ಹತ್ತು ಅಂಕ. ಮೂರು ಜನ ಜಡ್ಜ್‌ಗಳು. ಚಿಕ್ಕವನಿದ್ದಾಗ ಕರ್ನಾಟಕ ಸಂಗೀತದಲ್ಲಿ ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೆ ಅನ್ನೋ ಒಂದೇ ಕಾರಣಕ್ಕೆ ಕಳೆದ ಸಲ ನನ್ನನ್ನೂ ಜಡ್ಜ್ ಮಾಡಿದ್ರು. ಸೀನಿಯರ್‌ಗೆ ಕಟ್ಟಲೇ ಇಲ್ಲ ಅನ್ನೋದನ್ನ ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ನಮ್ಮ ಗೆಳೆಯನೊಬ್ಬನ ಅಮ್ಮ, ಸಾಗರದ ಕಡೆಯವರು, ಒಂದು ಹಸೆ ಹಾಡು ಹಾಡಿ ಕಳಿಸಿದ್ರು. ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಮಲೆನಾಡಿನ ಮದುವೆ ಮನೆಗಳಲ್ಲಿ ಒಂದೊಂದು ಕಾರ್ಯಕ್ಕೂ ಒಂದೊಂದು ಹಾಡಿರುತ್ತೆ. ಅರಿಶಿನ ಹಚ್ಚೋವಾಗ ಒಂದು, ಆರತಿ ಎತ್ತೋವಾಗ ಒಂದು, ಹೆಣ್ಣನ್ನ ಒಪ್ಪಿಸಿಕೊಡುವಾಗ ಒಂದು. ಮದುಮಕ್ಕಳನ್ನ ಹಸೆಗೆ ಕರೆಯೋವಾಗ ಹಾಡೋದೇ ಹಸೆ ಹಾಡು. ಪಕ್ಕವಾದ್ಯ ಇಲ್ಲ, ಶ್ರುತಿ ಪೆಟ್ಟಿಗೆ ಇಲ್ಲ. ಒಂದೇ ಧಾಟಿ, ನುಡಿ ಮೇಲೆ ನುಡಿ. ಆಂಟಿ ಅಡಿಗೆ ಮನೆಯಲ್ಲೇ ಎಲ್ಲೋ ಕೂತು ಮೊಬೈಲಲ್ಲಿ ರೆಕಾರ್ಡ್ ಮಾಡಿದ್ರು ಅನ್ಸುತ್ತೆ, ನಡುವೆ ಕುಕ್ಕರ್ ಒಂದು ಸಲ ಕೂಗಿತು. ಅವರು ನಿಲ್ಲಿಸಲಿಲ್ಲ.

ನನ್ನ ಶೀಟಲ್ಲಿ ಆಂಟಿಗೆ ಬಿದ್ದಿದ್ದು: ಶ್ರುತಿ 8, ತಾಳ 8, ಉಚ್ಚಾರಣೆ 9, ಭಾವ 9. ಒಟ್ಟು 34. ಆಮೇಲೆ ಐದನೇ ಕಾಲಂ. ಅಷ್ಟರಲ್ಲಿ ಹಿರಿಯ ಜಡ್ಜ್ ಒಬ್ಬರು ಕಾಮೆಂಟ್ ಹಾಕಿಬಿಟ್ಟಿದ್ರು, "ತುಂಬಾ ಸರಳ, ಸ್ಪರ್ಧೆಗೆ ತಕ್ಕ ಹಾಡಲ್ಲ, ಒಂದೇ ಟ್ಯೂನ್" ಅಂತ. ನಾನೂ "ಹೌದಲ್ವಾ" ಅಂದುಕೊಂಡು 4 ಒತ್ತಿದೆ. 38.

ಇನ್ನೊಬ್ಬ ಗೆಳೆಯ 'ಜೀವನ ಚೈತ್ರ'ದ ನಾದಮಯ ಹಾಡನ್ನ ಎತ್ತಿಕೊಂಡಿದ್ದ. ಮೇಲಿನ ಸ್ಥಾಯಿಗೆ ಹೋದಾಗಲೆಲ್ಲ ದನಿ ಒಡೆಯಿತು, ಒಂದೆರಡು ಕಡೆ ಕರೋಕೆ ಟ್ರ್ಯಾಕ್ ಮುಂದೆ ಓಡಿತು, ಇವನು ಹಿಂದೆ ಓಡಿದ. ಶ್ರುತಿ 6, ತಾಳ 7, ಉಚ್ಚಾರಣೆ 8, ಭಾವ 8. ಒಟ್ಟು 29. ಆದ್ರೆ ಎಂಥಾ ಹಾಡು ಸ್ವಾಮಿ! ಆಯ್ಕೆಗೆ 10. 39.

ಐದು ಅಂಕ ಹಿಂದಿದ್ದವನು ಒಂದು ಅಂಕದಿಂದ ಮುಂದೆ ಬಂದ. ಉಳಿದಿಬ್ಬರ ಶೀಟೂ ಹೆಚ್ಚು ಕಮ್ಮಿ ಹೀಗೇ ಇತ್ತು. ಆಂಟಿ ಎರಡನೇ ಸುತ್ತಿಗೆ ಬರಲಿಲ್ಲ.

ಈಗ ನನ್ನ ಜಗಳ ಈ ಐದನೇ ಕಾಲಂ ಜೊತೆಗೆ. ಅದು ಅಳೆಯೋದಾದ್ರೂ ಏನನ್ನ? ಹಾಡು ದನಿಗೆ ಒಗ್ಗಿದ್ರೆ ಅದು ಶ್ರುತಿಯಲ್ಲೂ ಭಾವದಲ್ಲೂ ಆಗಲೇ ಕಾಣಿಸಿರುತ್ತೆ, ಅಲ್ಲಿ ಅಂಕ ಬಿದ್ದಿರುತ್ತೆ. ಒಗ್ಗದೇ ಇದ್ರೆ ಅಲ್ಲೇ ಅಂಕ ಹೋಗಿರುತ್ತೆ. ಮತ್ತೆ ಅದಕ್ಕೇ ಇನ್ನೊಂದು ಕಾಲಂ ಯಾಕೆ? ನಮ್ಮ ಕೋಡಲ್ಲಿ ಹೀಗೆ ಒಂದನ್ನೇ ಎರಡು ಕಡೆ ಎಣಿಸಿದ್ರೆ ರಿವ್ಯೂನಲ್ಲಿ ಮಾನ ಹರಾಜು ಹಾಕ್ತಾರೆ. ಇಲ್ಲಪ್ಪ, ಇದು ದನಿಗೆ ಒಗ್ಗೋದರ ಬಗ್ಗೆ ಅಲ್ಲ, ಹಾಡಿನ ಕಷ್ಟದ ಬಗ್ಗೆ ಅಂತೀರಾ? ಹಾಗಾದ್ರೆ ಕಷ್ಟ ಅಂತಲೇ ಹೆಸರಿಡಿ.

ಕಷ್ಟಕ್ಕೆ ಅಂಕ ಕೊಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ಒಲಿಂಪಿಕ್ಸ್‌ನ ಡೈವಿಂಗ್ ನೋಡಿ. ಅಲ್ಲಿ ಪ್ರತಿಯೊಂದು ನೆಗೆತಕ್ಕೂ ಇಷ್ಟು ಕಷ್ಟ ಅಂತ ಒಂದು ಸಂಖ್ಯೆ ಇದೆ, ಅದು ಪಟ್ಟಿಯಲ್ಲಿ ಮೊದಲೇ ಬರೆದಿರುತ್ತೆ. ಯಾವ ನೆಗೆತ ಅಂತ ಸ್ಪರ್ಧಿ ಮೊದಲೇ ಬರೆದು ಕೊಡಬೇಕು, ಹೇಳಿದ್ದು ಬಿಟ್ಟು ಬೇರೆ ಹಾರಿದ್ರೆ ಸೊನ್ನೆ. ಜಡ್ಜ್‌ಗಳು ನೋಡೋದು ಹೇಗೆ ಹಾರಿದ ಅನ್ನೋದನ್ನ ಮಾತ್ರ. ಅವರು ಕೊಟ್ಟ ಅಂಕಗಳಲ್ಲಿ ತೀರಾ ಮೇಲಿನದನ್ನೂ ತೀರಾ ಕೆಳಗಿನದನ್ನೂ ಬಿಟ್ಟು, ಉಳಿದದ್ದನ್ನ ಕೂಡಿ, ಕಷ್ಟದ ಸಂಖ್ಯೆಯಿಂದ ಗುಣಿಸ್ತಾರೆ. ಗುಣಿಸ್ತಾರೆ, ಕೂಡಿಸೋದಿಲ್ಲ. ಹೊಟ್ಟೆ ಮೇಲಾಗಿ ನೀರಿಗೆ ಬಿದ್ದವನಿಗೆ ಎಷ್ಟೇ ದೊಡ್ಡ ನೆಗೆತ ಆರಿಸಿಕೊಂಡಿದ್ರೂ ಅದರಿಂದ ಏನೂ ಬರಲ್ಲ. ಜಿಮ್ನಾಸ್ಟಿಕ್ಸ್‌ನಲ್ಲಂತೂ 2006ರಿಂದ ಕಷ್ಟ ಲೆಕ್ಕ ಹಾಕೋ ತಂಡವೇ ಬೇರೆ, ಮಾಡಿದ ರೀತಿ ನೋಡೋ ತಂಡವೇ ಬೇರೆ. ನಮ್ಮಲ್ಲಿ? ಹಾಡು ಕೇಳಿ ಆದಮೇಲೆ ಮೂರು ಜನ ತಮ್ಮ ತಲೆಯೊಳಗಿನ ಪಟ್ಟಿ ನೋಡಿ ಕಷ್ಟ ಎಷ್ಟು ಅಂತ ತೀರ್ಮಾನ ಮಾಡ್ತಾರೆ. ಆ ಪಟ್ಟಿ ಹಾಡೋರಿಗೆ ಯಾವತ್ತೂ ಕಾಣಿಸಲ್ಲ.

(ಡೈವಿಂಗ್ ಲೆಕ್ಕದಲ್ಲಿ ಗುಣಿಸಿದ್ರೂ ನಮ್ಮ ನಾದಮಯದವನೇ ಗೆಲ್ಲಬಹುದಿತ್ತು ಅಂತ ನೀವು ಹೇಳಬಹುದು. ಗೆಲ್ಲಲಿ! ಪಟ್ಟಿ ಮೊದಲೇ ಗೋಡೆ ಮೇಲೆ ಹಾಕಿ ಆಮೇಲೆ ಗೆಲ್ಲಲಿ.)

ಆದ್ರೆ ನನ್ನ ನಿಜವಾದ ತಕರಾರು ಆ ಪಟ್ಟಿಯನ್ನ ಯಾರು ಬರೀತಾರೆ ಅನ್ನೋದು. ಫಲಿತಾಂಶ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಂಟಿಯ ರೆಕಾರ್ಡಿಂಗ್ ಮತ್ತೆ ಹಾಕಿದೆ, ಈ ಸಲ ಪಕ್ಕದಲ್ಲಿ ಟ್ಯೂನರ್ ಆ್ಯಪ್ ತೆರೆದಿಟ್ಟುಕೊಂಡು. ಮೊದಲನೇ ನುಡಿಯ ಷಡ್ಜ ಎಲ್ಲಿದೆ ನೋಡಿದೆ. ಕೊನೇ ನುಡಿಯ ಷಡ್ಜ ಎಲ್ಲಿದೆ ನೋಡಿದೆ. ನಾಲ್ಕೂವರೆ ನಿಮಿಷ, ತಂಬೂರಿ ಇಲ್ಲ, ಟ್ರ್ಯಾಕ್ ಇಲ್ಲ, ನಡುವೆ ಬೇರೆ ಶ್ರುತಿಯಲ್ಲಿ ಕೂಗಿದ ಕುಕ್ಕರ್ ಬೇರೆ. ಮುಳ್ಳು ಅಲ್ಲೇ ಇತ್ತು! ಕೂದಲೆಳೆ ಕೂಡ ಜಾರಿರಲಿಲ್ಲ. ನಂಬಿಕೆ ಬರದೆ ಇನ್ನೊಂದು ಆ್ಯಪ್‌ನಲ್ಲೂ ನೋಡಿದೆ. ಆಮೇಲೆ ಬಾಗಿಲು ಹಾಕಿಕೊಂಡು ನಾನೇ ಹಾಡಿ ನೋಡಿದೆ, ನನಗೆ ಚೆನ್ನಾಗಿ ಬರೋ ದೇವರನಾಮ, ಅಷ್ಟೇ ಹೊತ್ತು, ಯಾವ ಆಧಾರವೂ ಇಲ್ಲದೆ. ಮುಗಿಸೋ ಹೊತ್ತಿಗೆ ಹಾರ್ಮೋನಿಯಂ ಲೆಕ್ಕದಲ್ಲಿ ಪಕ್ಕದ ಮನೆಗೆ ಇಳಿದುಬಿಟ್ಟಿದ್ದೆ. ಜೂನಿಯರ್ ಪಾಸು ಅಂತೆ!

ಇದು ಕಷ್ಟ ಅಲ್ವಾ? ನಮ್ಮ ಕಿವಿಗೆ ಸಂಗತಿ, ಬಿರ್ಕಾ, ಹೈ ಪಿಚ್ಚು ಇಷ್ಟೇ ಕಷ್ಟ. ಯಾಕಂದ್ರೆ ಟೀವಿಯಲ್ಲಿ ಜಡ್ಜ್‌ಗಳು ಕುರ್ಚಿಯಿಂದ ಎದ್ದು ನಿಲ್ಲೋದು ಅದಕ್ಕೇ. ಟೀವಿಯವರಿಗೆ ಅವರ ಕಾರಣ ಇದೆ, ಪೂರ್ತಿ ವಾದ್ಯವೃಂದ ಇದೆ, ವಾರಗಟ್ಟಲೆ ತಯಾರಿ ಇದೆ, ಚಾನೆಲ್ ಬದಲಿಸೋ ವೀಕ್ಷಕ ಇದ್ದಾನೆ. ಮೈಸೂರ್ ಪಾಕಿಗೆ ಹಾಡೋ ನಮಗೆ ಯಾಕೆ ಬೇಕು ಆ ಅಳತೆಗೋಲು?

"ಒಂದೇ ಟ್ಯೂನ್, ಸರಳ" ಅನ್ನೋರಿಗೆ ಇನ್ನೊಂದು ಮಾತು. ಕನ್ನಡ ಸಿನಿಮಾ ಹಾಡು ಹಾಡಿ ರಾಷ್ಟ್ರಪ್ರಶಸ್ತಿ ತಂದವರಲ್ಲಿ ರಾಜಕುಮಾರ್ ಇದ್ದಾರೆ, 1992ರ ಸಾಲಿನದು, ಇದೇ ನಾದಮಯ ಹಾಡಿಗೆ. ಸರಿ. ಅದಕ್ಕೂ ಮುಂಚೆ 1978ರ ಸಾಲಿನಲ್ಲಿ ಅದೇ ಪ್ರಶಸ್ತಿ ಬಂದದ್ದು ಶಿವಮೊಗ್ಗ ಸುಬ್ಬಣ್ಣ ಅವರಿಗೆ, 'ಕಾಡು ಕುದುರೆ' ಚಿತ್ರದ ಹಾಡಿಗೆ. ಚಂದ್ರಶೇಖರ ಕಂಬಾರರು ಬರೆದ ಹಾಡು, ಜಾನಪದದ ಧಾಟಿ. ಹಾಡಿದವರು ವೃತ್ತಿಯಲ್ಲಿ ವಕೀಲರು. ನಮ್ಮ ಶೀಟಿಗೆ ಆ ಹಾಡು ಬಂದಿದ್ರೆ ಆಯ್ಕೆಗೆ ಎಷ್ಟು ಕೊಡ್ತಿದ್ವಿ? "ಸರ್, ಸಂಗತಿ ಕಮ್ಮಿ ಆಯ್ತು, ಮುಂದಿನ ಸಲ ಸ್ವಲ್ಪ ಚಾಲೆಂಜಿಂಗ್ ಹಾಡು ತಗೊಳ್ಳಿ" ಅಂತ ಬರೀತಿದ್ವಿ. ನಾಚಿಕೆ ಆಗಬೇಕು. ಭೀಮಸೇನ ಜೋಶಿಯವರು ಗಂಟೆಗಟ್ಟಲೆ ಖಯಾಲ್ ಹಾಡಬಲ್ಲವರು. ಅವರೇ ನಮ್ಮ ಅಜ್ಜಿಯಂದಿರು ಶುಕ್ರವಾರ ಹೇಳಿಕೊಳ್ಳೋ ದೇವರನಾಮವನ್ನ ಕಚೇರಿಯಲ್ಲಿ ಹಾಡ್ತಿದ್ರು. "ತುಂಬಾ ಕಾಮನ್ ಹಾಡು" ಅಂತ ಅವರಿಗೆ ಅನ್ನಿಸಲಿಲ್ಲ. ನಮಗೆ ಅನ್ನಿಸುತ್ತೆ.

ಈ ಕಾಲಂನಿಂದ ಗೆದ್ದವನಿಗಾದ್ರೂ ಒಳ್ಳೇದಾಯ್ತಾ? ಇಲ್ಲ. ಹಾಸ್ಟೆಲ್‌ನಲ್ಲಿ ಕರೆಂಟ್ ಹೋದಾಗ ಅವನು ಪಿ.ಬಿ. ಶ್ರೀನಿವಾಸ್ ಹಾಡುಗಳನ್ನ ಹಾಡ್ತಿದ್ದ. ಮೆತ್ತಗಿನ, ಕೆಳಗಿನ ದನಿ. ಕಾರಿಡಾರ್ ಪೂರ್ತಿ ಸುಮ್ಮನಾಗ್ತಿತ್ತು. ಸ್ಪರ್ಧೆಗೆ ಯಾಕೋ ಅದನ್ನ ಹಾಡಲಿಲ್ಲ ಅಂತ ಕೇಳಿದ್ದಕ್ಕೆ ಅವನು ಹೇಳಿದ್ದು, "ಲೋ, ಅದಕ್ಕೆ ಆಯ್ಕೆಯಲ್ಲಿ ಐದೋ ಆರೋ ಬರುತ್ತೆ ಅಷ್ಟೇ. ಹೋದ ವರ್ಷದ ಶೀಟು ನೋಡಿದ್ದೀನಿ." ಶೀಟು ನೋಡಿ ಹಾಡು ಆರಿಸಿದ್ದಾನೆ! ನಾನೂ ಹಳೇ ಶೀಟುಗಳನ್ನ ತೆಗೆದು ನೋಡಿದೆ. ಮೊದಲ ವರ್ಷ ಬಗೆಬಗೆಯ ಹಾಡಿದ್ವು. ಭಾವಗೀತೆ, ಶರೀಫರ ತತ್ವಪದ, ಒಬ್ಬನಂತೂ ಶಾಲೆಯ ಪ್ರಾರ್ಥನೆ ಹಾಡಿದ್ದ. ಆಮೇಲಾಮೇಲೆ ಅದದೇ ಹತ್ತು ಹನ್ನೆರಡು ಹಾಡು. ಹಾಡೋರು ಬೇರೆ, ಒಡೆಯೋ ಜಾಗ ಒಂದೇ.

ಆನ್‌ಲೈನ್ ಅನ್ನೋದು ಬೇರೆ ಸೇರಿಕೊಂಡ್ರೆ ಈ ಕಾಲಂ ಇನ್ನೂ ಹಾಸ್ಯಾಸ್ಪದ. ನೀವು ಯಾವ ಹಾಡು ಆರಿಸ್ತೀರಿ ಅನ್ನೋದನ್ನ ಅರ್ಧ ತೀರ್ಮಾನ ಮಾಡೋದು ಯಾವ ಹಾಡಿಗೆ ಕರೋಕೆ ಟ್ರ್ಯಾಕ್ ಸಿಕ್ತು ಅನ್ನೋದು. ಅದೂ ಮೂಲ ಗಾಯಕರ ಶ್ರುತಿಯಲ್ಲಿರುತ್ತೆ, ನಿಮ್ಮದರಲ್ಲಲ್ಲ. ಲೈವ್ ಸುತ್ತಿನ ಕಥೆ ಕೇಳಲೇಬೇಡಿ. ವಿಡಿಯೋ ಕಾಲ್ ಸಾಫ್ಟ್‌ವೇರ್‌ಗಳು ಮಾತಿಗೆ ಅಂತ ಮಾಡಿದ್ದು. ಒಂದೇ ಸಮನೆ ಬರೋ ಶಬ್ದ ಅಂದ್ರೆ ಫ್ಯಾನೋ ಏಸಿಯೋ ಇರಬೇಕು ಅಂತ ತಿಳಿದು ತೆಗೆದುಹಾಕುತ್ತೆ. ತಂಬೂರಿ ಅಂದ್ರೆ ಒಂದೇ ಸಮನೆ ಬರೋ ಶಬ್ದವೇ ತಾನೇ? ಅದರ ಹಿಂದಿಂದೆ ಎಳೆದು ಹಿಡಿದ ಸ್ವರಕ್ಕೂ ಕತ್ತರಿ ಬೀಳುತ್ತೆ. ಒಂದು ವರ್ಷ ಒಬ್ಬಳು ಗೆಳತಿ ನಿಧಾನದ ಭಾವಗೀತೆಯೊಂದನ್ನ ತಂಬೂರಿ ಆ್ಯಪ್ ಹಾಕಿಕೊಂಡು ಹಾಡಿದಳು. ನಮಗೆ ತಂಬೂರಿ ಕೇಳಲೇ ಇಲ್ಲ, ದನಿ ಅಲ್ಲಲ್ಲಿ ಮುಳುಗಿ ಎದ್ದ ಹಾಗಿತ್ತು. ಜಡ್ಜ್ ಕಾಮೆಂಟು: "ಆಯ್ಕೆ ಸರಿಯಿಲ್ಲ, ಎಳೆದಂತಿದೆ." ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್ ತೆಗೆದಿದ್ರೆ ಮುಗೀತಿತ್ತು. ಅಲ್ಲಿದ್ದವರೆಲ್ಲ ಸಾಫ್ಟ್‌ವೇರ್ ಇಂಜಿನಿಯರುಗಳು, ಒಬ್ಬರಿಗೂ ಹೊಳೆಯಲಿಲ್ಲ.

ನಾನು ಇದನ್ನೆಲ್ಲ ಗ್ರೂಪಲ್ಲಿ ಹಾಕಿದಾಗ ಬಂದ ಉತ್ತರ, "ಆಯ್ಕೆಗೆ ಅಂಕ ಇಲ್ಲದಿದ್ರೆ ಎಲ್ಲರೂ ಸುಲಭದ ಹಾಡೇ ಹಾಡ್ತಾರೆ, ಸ್ಟ್ಯಾಂಡರ್ಡ್ ಬಿದ್ದುಹೋಗುತ್ತೆ." ಯಾವ ಸ್ಟ್ಯಾಂಡರ್ಡ್ ಮಾರಾಯ್ರೆ? ಹಾಡಲಿ ಬಿಡಿ ಸುಲಭದ ಹಾಡು. ಸುಲಭದ ಹಾಡಲ್ಲಿ ಬಚ್ಚಿಟ್ಟುಕೊಳ್ಳೋಕೆ ಜಾಗ ಇರಲ್ಲ, ಶ್ರುತಿ ತಪ್ಪಿದ್ರೆ ಮಗುವಿಗೂ ಗೊತ್ತಾಗುತ್ತೆ. ಹಾಡು ದನಿಗೆ ಮೀರಿದ್ದು ಅನ್ನಿಸಿದ್ರೆ ಜಡ್ಜ್ ಆದವರು ಫೋನ್ ಮಾಡಿ ಹೇಳಲಿ, ನಿನ್ನ ದನಿಗೆ ಇಂಥದು ಚೆನ್ನಾಗಿರುತ್ತೆ ನೋಡು ಅಂತ. ಅದು ಸ್ನೇಹ. ಅಂಕ ಕತ್ತರಿಸೋದಲ್ಲ.

ಆಂಟಿಗೆ ನಾನೂ ಫೋನ್ ಮಾಡಿದೆ. ಹೇಗೆ ಶುರು ಮಾಡಬೇಕು ಗೊತ್ತಾಗದೆ ಟ್ಯೂನರ್ ಕಥೆಯನ್ನೇ ಹೇಳಿದೆ. ಅವರಿಗೆ ಅದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ. "ಮತ್ತೆ ಎಲ್ಲಿಗೆ ಹೋಗ್ತದೆ? ನಾಲ್ಕು ಜನ ಹಿಂದೆ ಹೇಳ್ತಿರ್ತಾರಲ್ಲ, ನಾನು ಜಾರಿದ್ರೆ ಅವರೂ ಜಾರ್ತಾರೆ" ಅಂದ್ರು. ಅಡಿಗೆ ಮನೆಯಲ್ಲಿ ಒಬ್ಬರೇ ಕೂತು ಹಾಡಿದ್ರೂ ಆ ನಾಲ್ಕು ಜನ ಅವರ ಹಿಂದೆ ಇದ್ದರು ಅಂತಾಯ್ತು. ಈ ವರ್ಷವೂ ಕಳಿಸಿ ಅಂದೆ. "ಬೇಡ ಮಾರಾಯ, ನಂಗೆ ಸ್ಪರ್ಧೆ ಹಾಡೆಲ್ಲ ಬರದಿಲ್ಲ" ಅಂದ್ರು. ಬೇಜಾರಲ್ಲಿ ಹೇಳಿದ ಹಾಗಿರಲಿಲ್ಲ. ಎಷ್ಟು ಹಸೆ ಹಾಡು ಬರುತ್ತೆ ಆಂಟಿ ಅಂತ ಕೇಳಿದೆ. ಎಣಿಸಿಲ್ಲವಂತೆ. ಸೊಸೆಗೆ ಒಂದೂ ಬರಲ್ಲವಂತೆ.

ಈ ವರ್ಷವೂ ನಾನು ಜಡ್ಜ್ ಆಗಬೇಕಂತೆ, ಹೊಸ ಶೀಟು ಬಂದಿದೆ. ಐದನೇ ಕಾಲಂ ಹಾಗೇ ಇದೆ, ಅಳಿಸೋ ಅಧಿಕಾರ ನನಗೆ ಕೊಟ್ಟಿಲ್ಲ. ನಾನು ಅದನ್ನ ಎಲ್ಲರಿಗೂ ಖಾಲಿ ಬಿಡ್ತೀನಿ. ಫಾರ್ಮುಲಾ ನೋಡಿದ್ದೀನಿ, ಖಾಲಿ ಬಿಟ್ರೆ ಮೊತ್ತಕ್ಕೆ ಏನೂ ತೊಂದರೆ ಆಗಲ್ಲ.